ನೀಲಗಂಗೆಯ ನಿರಾಕರಣ ವಿಜಯ

ಸಪ್ತಸಾಗರಗಳನ್ನು ಅಂಗೈಯಗಲದ ನೀಲಿ ಪುಸ್ತಕವೊಂದನ್ನು ತೋರಿಸಿ ದಾಟಬಹುದಾದ, ಆದರೆ ದಾಟಿದ ಮೇಲೆ "ನಿಲ್ಲು, ನೀನಿನ್ನೂ ಒಳಗೆ ಬರಲು ಸಿದ್ಧವಾಗಿಲ್ಲ" ಎಂದು ವಿದ್ಯಾಮಂದಿರದ ಹೊಸ್ತಿಲಲ್ಲೇ ವರ್ಷವಿಡೀ ಕೂರಿಸುವ ಈ ವಿಚಿತ್ರ ಮಹಾಯುಗವೇ, ನಿನಗೆ ನಮಸ್ಕಾರ. ಎಲೈ ವಾಗ್ದೇವಿ, ನನ್ನ ನಾಲಗೆಯ ಮೇಲೆ ಸ್ವಲ್ಪ ಹೊತ್ತು ಬಂದು ಕೂರು; ಹೆಚ್ಚು ಕಾಯಿಸುವುದಿಲ್ಲ. ನಾನೀಗ ಹೇಳಹೊರಟಿರುವುದು ಬೀಜದಂಗಡಿಕುಲತಿಲಕೆಯೂ, ದ್ವಿತೀಯಪಿಯುಸಿವಿಜ್ಞಾನವಿಜಯಿನಿಯೂ, ಸರ್ವಜನಸಮ್ಮತಿಪ್ರದಾಯಿನಿಯೂ ಆದ ರಾಣೇಬೆನ್ನೂರಿನ ನೀಲಗಂಗಾ ಹಾವನೂರಳ ಘೋರ ಸಮರವನ್ನು. ಮೊದಲ ಬಿರುದು ಅರಿಸಮಾಸವಾಯಿತೆಂದು ಪಂಡಿತರು ಮೂಗು ಮುರಿಯುವುದಾದರೆ ಮುರಿಯಲಿ. ಬೀಜ ಕೊಳ್ಳಲು ಬರುವವರು ಯಾರೂ ಸಮಾಸ ಬಿಡಿಸಿ ನೋಡುವುದಿಲ್ಲ.

ಇಂಗ್ಲೆಂಡಿನ ಉತ್ತರಕ್ಕೆ, ಶೀತಮಾರುತನಿತ್ಯತಾಡಿತವಾದ ಕಡಲತಡಿಯ ಊರೊಂದರಲ್ಲಿ ಒಂದು ವಿಶ್ವವಿದ್ಯಾಲಯ. ಅದರ ಹೆಬ್ಬಾಗಿಲಿಗೆ ಅಂಟಿಕೊಂಡಂತೆ ಒಂದು ಪುಟ್ಟ ಕಾಲೇಜು. ಪರದೇಶಗಳಿಂದ ಬಂದ ಮಕ್ಕಳು ಅಲ್ಲಿ ಒಂದು ವರ್ಷ ಫೌಂಡೇಶನ್ ಕೋರ್ಸ್ ಎಂಬ ವ್ರತವನ್ನು ಆಚರಿಸಿ, ಟಿಪ್ಪಣಿ ಬರೆಯುವುದನ್ನೂ ಪ್ರಬಂಧ ಹೆಣೆಯುವುದನ್ನೂ ಸಭೆಯಲ್ಲಿ ಬಾಯಿಬಿಡುವುದನ್ನೂ ಕಲಿತ ಮೇಲಷ್ಟೇ ಡಿಗ್ರಿಯ ಮೊದಲ ವರ್ಷಕ್ಕೆ ಪ್ರವೇಶ. ನೀಲಗಂಗೆಗೆ ಬೇಕಾಗಿದ್ದುದು ಸಸ್ಯವಿಜ್ಞಾನದ ಪದವಿ. ಅಪ್ಪ ಶಿವಯೋಗೆಪ್ಪನವರ ಅಂಗಡಿಯಲ್ಲಿ ಮೂಟೆಗಟ್ಟಲೆ ಮಾರಾಟವಾಗುವ ಬೀಜದೊಳಗೆ ಮೊಳಕೆ ಹೇಗೆ ನಿದ್ದೆ ಮಾಡುತ್ತದೆ ಎಂಬುದನ್ನು ತಿಳಿಯಬೇಕೆಂದು ಏಳನೆಯ ಕ್ಲಾಸಿನಿಂದ ಹಟ ಹಿಡಿದವಳು ಅವಳು. ಗಣಿತವೆಂಬ ಗಜವನ್ನು ಕೆಡವಿದಳು. ರಸಾಯನಶಾಸ್ತ್ರವೆಂಬ ಸರ್ಪದ ಹೆಡೆಯನ್ನು ಮೆಟ್ಟಿದಳು. ಉಳಿದದ್ದು ಒಂದೇ ಪರೀಕ್ಷೆ, ಗುಂಪುಚರ್ಚೆ. ಮೂವರು ಹತ್ತು ನಿಮಿಷ ಮಾತಾಡಬೇಕು, ಅಷ್ಟೆ. ಅದರಲ್ಲಿ ಅವಳು ಎರಡು ಸಲ ಮಣ್ಣುಮುಕ್ಕಿದ್ದಳು.

ಕಾರಣ ಕೇಳಿದರೆ ನನಗೇ ಸಿಟ್ಟು ಬರುತ್ತದೆ. ಪರೀಕ್ಷಕಿ ಜೂಡಿತ್ ಮೇಡಂ ಅವರ ಅಂಕಪತ್ರದಲ್ಲಿ ಒಂದು ಚೌಕವಿತ್ತು: "ಒಮ್ಮೆಯಾದರೂ ಭಿನ್ನಾಭಿಪ್ರಾಯ ತಿಳಿಸಿದರೇ?" ಆ ಚೌಕ ಎರಡು ಸಲವೂ ಖಾಲಿ ಉಳಿಯಿತು. ಹತ್ತು ವರ್ಷ ಗಲ್ಲಾಪೆಟ್ಟಿಗೆಯ ಪಕ್ಕ ಕೂತು, ಗಿರಾಕಿ ಏನೇ ಅಂದರೂ "ಹೌದ್ರಿ" ಎಂದು ತಲೆಯಾಡಿಸಿ ಬೆಳೆದ ಹುಡುಗಿ ಅವಳು. ಹೋದ ವರ್ಷದ ಬೀಜ ಮೊಳೆಯಲಿಲ್ಲ ಎಂದು ಜಗಳಕ್ಕೆ ಬಂದವರಿಗೂ "ಹೌದ್ರಿ", ಭೂಮಿ ಮೊದಲಿನಂಗಿಲ್ಲ ಎಂದು ನಿಟ್ಟುಸಿರು ಬಿಟ್ಟವರಿಗೂ "ಹೌದ್ರಿ". ಎದುರಿಗಿದ್ದವರಿಗೆ ಇಲ್ಲವೆನ್ನುವುದು ಅವಳ ಮಟ್ಟಿಗೆ ಅವರ ಕೆನ್ನೆಗೆ ಹೊಡೆದದ್ದಕ್ಕೆ ಸಮ. ಮೂರನೆಯ ಸಲವೂ ಬಿದ್ದರೆ ಸಸ್ಯವಿಜ್ಞಾನಕ್ಕೆ ಬಾಗಿಲು ಮುಚ್ಚಿ, ವಾಪಸು ವಿಮಾನ.

ಈಗ ಈ ಕಥೆಗೆ ಎರಡನೆಯ ವೀರನ ಪ್ರವೇಶ. ವಾಗ್ಝರೀಪ್ರವಾಹನಿಮಗ್ನಶ್ರೋತೃಸಮೂಹನಾದ ಮದ್ದೂರಿನ ಚೆಲುವರಾಜು ಅವಳದೇ ಹಾಸ್ಟೆಲಿನವನು, ಒಂದೇ ಅಡುಗೆಮನೆ. ಅವನೂ ಅದೇ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದ, ಆದರೆ ತದ್ವಿರುದ್ಧ ಕಾರಣಕ್ಕೆ. "ಇತರರಿಗೆ ಮಾತಾಡಲು ಅವಕಾಶ ಕೊಟ್ಟರೇ?" ಎಂಬ ಚೌಕ ಅವನಿಗೆ ಒಲಿದಿರಲಿಲ್ಲ. ಅನ್ನ ತಳ ಹಿಡಿಸಿ, ಪಾತ್ರೆಯನ್ನು "ನೆನೀಲಿ" ಎಂದು ಸಿಂಕಿನಲ್ಲಿ ಬಿಟ್ಟು, ಮೂರು ದಿನ ಅದರ ಕಡೆ ತಿರುಗಿಯೂ ನೋಡದ ಮಹಾವಿರಾಗಿ ಅವನು. ಆ ಪಾತ್ರೆಯನ್ನು ಪ್ರತಿಸಲವೂ ಬಾಯಿಮುಚ್ಚಿಕೊಂಡು ಉಜ್ಜುತ್ತಿದ್ದವಳು ಯಾರೆಂದು ನಾನು ಹೇಳಬೇಕಾಗಿಲ್ಲ.

ಪರೀಕ್ಷೆಯ ಹಿಂದಿನ ದಿನ ಅದೇ ಅಡುಗೆಮನೆಯಲ್ಲಿ ಶಸ್ತ್ರಾಭ್ಯಾಸ ನಡೆಯಿತು. ಚೆಲುವರಾಜು ಸೌಟನ್ನು ಗದೆಯಂತೆ ಹೆಗಲಿಗೇರಿಸಿ ಗರ್ಜಿಸಿದ.

"ನೋಡವ್ವ, ನಾನ್ ಬಾಯ್ ಬುಟ್ರೆ ಮದ್ದೂರ್ ಟೇಸನ್ನಾಗೆ ರೈಲೇ ಸಿಗ್ನಲ್ ಮರ್ತು ನಿಂತ್ಕತದೆ. ಅಂತಾವ್ನು ನಿಂಗೋಸ್ಕರ ನಾಳೆ ಒಂದ್ ಸುದ್ದ ಸುಳ್ಳು ಯೋಳ್ತೀನಿ. ಯೋಳಿ ಕಿವಿ ಮುಟ್ಕತೀನಿ. ನೀನು ‘ಇಲ್ಲ’ ಅನ್ಬುಡು. ಮುಗೀತು ಯುದ್ಧ."

"ಒಮ್ಮೆ ಹೇಳಿ ನೋಡು, ನಾ ಅಂತೀನಿ," ಎಂದಳು ನೀಲಗಂಗೆ ಸೆರಗಿಲ್ಲದಿದ್ದರೂ ಸಿಕ್ಕಿಸಿಕೊಂಡವಳಂತೆ ಸೊಂಟಕ್ಕೆ ಕೈಯಿಟ್ಟು.

"ಸೂರ್ಯ ಪಡುವಲಲ್ಲಿ ಉಟ್ತಾನೆ."

ಅವಳ ತುಟಿ ನಡುಗಿತು. ಹುಬ್ಬು ಗಂಟಿಕ್ಕಿತು. ದಿಕ್ಕುಗಳು ಉಸಿರು ಬಿಗಿಹಿಡಿದು ಕಾದವು.

"ಹೌದ... ಈ ಊರಾಗ ಮೋಡನ ಇರ್ತಾವಲ್ಲ, ಎಲ್ಲಿ ಹುಟ್ತಾನೋ ಯಾರಿಗ್ ಗೊತ್ತಾಕ್ಕೈತಿ," ಎಂದಳು ಅವಳು. ಚೆಲುವರಾಜು ಸೌಟು ಕೆಳಗಿಟ್ಟ.

ಬೆಳಗಾಯಿತು. ಎರಡನೆಯ ಮಹಡಿಯ ಹದಿನಾಲ್ಕನೆಯ ಕೋಣೆಯೆಂಬ ರಣಾಂಗಣದಲ್ಲಿ ಮೂವರು ಯೋಧರು ದುಂಡುಮೇಜನ್ನು ಸುತ್ತುವರಿದರು: ನಮ್ಮವರಿಬ್ಬರು, ಜೊತೆಗೆ ಜ್ವರದಿಂದಾಗಿ ಹಿಂದಿನ ಸಲ ತಪ್ಪಿಸಿಕೊಂಡಿದ್ದ ಕಜಕಸ್ತಾನದ ಮಿತಭಾಷಿಣಿ ಐಗುಲ್. ಜೂಡಿತ್ ಮೇಡಂ ಮೂಲೆಯಲ್ಲಿ ಪೆನ್ಸಿಲು ಹಿಡಿದು ಕುಳಿತರು. ಚೀಟಿಯಲ್ಲಿ ಬಂದ ವಿಷಯ: ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಸರದಿ ಗೊತ್ತುಮಾಡಬೇಕೇ? ಮಾತೆಲ್ಲ ಇಂಗ್ಲಿಷಿನಲ್ಲಿ. ನಿಮಗಾಗಿ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಚೆಲುವರಾಜು ಕೊಟ್ಟ ಮಾತಿಗೆ ತಪ್ಪಲಿಲ್ಲ. ಮೊದಲ ನಿಮಿಷದಲ್ಲೇ "ಕೊಳಕು ಪಾತ್ರೆ ಆರೋಗ್ಯಕ್ಕೆ ಬಹಳ ಒಳ್ಳೆಯದು" ಎಂಬ ಸುಳ್ಳಿನ ಬಾಣವನ್ನು ಬಿಟ್ಟು ಕಿವಿ ಮುಟ್ಟಿಕೊಂಡ. ನೀಲಗಂಗೆ, "ಅದೂ ಒಂದು ರೀತಿಯಲ್ಲಿ ಯೋಚಿಸಬೇಕಾದ ಮಾತು" ಎಂದಳು. ಅವನು ಮತ್ತೊಂದು ಬಿಟ್ಟ, ಇನ್ನೊಂದು ಕಿವಿ ಮುಟ್ಟಿಕೊಂಡ. ಅವಳು ಅದನ್ನೂ ಒಪ್ಪಿದಳು. ಕಿವಿಗಳಿರುವುದು ಎರಡೇ. ಏಳು ನಿಮಿಷ ಕಳೆದಾಗ ಚೆಲುವರಾಜು ಗೆಳತಿಯ ಕೈಬಿಟ್ಟು ತನ್ನ ಅಂಕ ಉಳಿಸಿಕೊಳ್ಳಲು ಹೊರಟ. ಈ ಸಲ ಅವನು ಮನಃಪೂರ್ವಕವಾಗಿ, ಕಿವಿ ಮುಟ್ಟದೆ, ಕಣ್ಣಲ್ಲಿ ಸತ್ಯವಂತನ ಕಾಂತಿ ತುಂಬಿಕೊಂಡು ಹೇಳಿದ: "ಸರದಿಯ ಅಗತ್ಯವೇ ಇಲ್ಲ. ಉದಾಹರಣೆಗೆ ನನ್ನನ್ನೇ ನೋಡಿ. ನನ್ನ ಪಾತ್ರೆಯನ್ನು ನಾನು ಅಂದಂದೇ ತೊಳೆದಿಡುತ್ತೇನೆ."

ನೀಲಗಂಗೆ ನಿಧಾನವಾಗಿ ತಲೆ ಎತ್ತಿದಳು. ಒಂಬತ್ತು ತಿಂಗಳ ಕರಿ ಹಿಡಿದ ಅನ್ನ ಅವಳ ಕಣ್ಣ ಮುಂದೆ ಹಾದುಹೋಯಿತು. ಆಗ ಆ ವೀರಾಂಗನೆ ನುಡಿದದ್ದು ಹೀಗೆ:

"ಎಲವೋ ದಗ್ಧೋದನಪಾತ್ರಪರಿತ್ಯಾಗಿ, ಸಾಕುಮಾಡು ನಿನ್ನ ಮಿಥ್ಯಾವಿಲಾಸವನ್ನು. ದಿನತ್ರಯಪರ್ಯಂತ ಸಿಂಕೆಂಬ ಸರೋವರದಲ್ಲಿ ಕೊಳೆತುಬಿದ್ದ ನಿನ್ನ ಪಾಪವನ್ನು ಈ ನನ್ನ ಕರಕಮಲಗಳೇ ಉಜ್ಜಿ ಉಜ್ಜಿ ಬಿಳುಪುಮಾಡಿರುವಾಗ, ಅಂದಂದೇ ತೊಳೆದೆನೆಂದು ಈ ಮಹಾಸಭೆಯಲ್ಲಿ ಸಾರಲು ನಿನ್ನ ನಾಲಗೆ ಹೇಗೆ ಹೊರಳಿತು? ನಾನು ಒಪ್ಪುವುದಿಲ್ಲ. ಇಂದಿಗೂ ಒಪ್ಪುವುದಿಲ್ಲ, ಎಂದೆಂದಿಗೂ ಒಪ್ಪುವುದಿಲ್ಲ."

ನಿಜ ಹೇಳಿಬಿಡುತ್ತೇನೆ, ಅವಳು ಅಂದದ್ದು "ಇಲ್ಲ. ಮೂರು ದಿನ. ನಾನು ತೊಳೆದೆ" ಎಂದಷ್ಟೇ. ಉಳಿದದ್ದು ನನ್ನ ಕೈಚಳಕ. ಆದರೆ ಆ ಮೂರು ಮಾತಿನ ಪೆಟ್ಟಿಗೆ ಚೆಲುವರಾಜುವಿನ ಬಾಯಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ನೀಲಗಂಗೆ ಮಾತ್ರ ಕಟ್ಟೆ ಒಡೆದ ಕೆರೆ. ಸರದಿ ಏಕೆ ಬೇಕು, ಯಾವ ವಾರ ಯಾರು, ತಪ್ಪಿಸಿಕೊಂಡವರನ್ನು ಏನು ಮಾಡಬೇಕು, ಎಲ್ಲವನ್ನೂ ಬೆರಳು ಮಡಚಿ ಹೇಳಿದಳು.

"ಸಮಯ ಮುಗಿಯಿತು," ಎಂದರು ಜೂಡಿತ್ ಮೇಡಂ.

"ನಾನು ಒಪ್ಪುವುದಿಲ್ಲ, ಮೇಡಂ," ಎಂದಳು ನೀಲಗಂಗೆ.

ಗುರುಗಳಿಗೆ ಎದುರಾಡಿದ್ದು ಅವಳ ವಂಶದಲ್ಲೇ ಮೊದಲು. ಆದರೂ ಗೋಡೆಯ ಗಡಿಯಾರ ತೋರಿಸಿ, "ಇನ್ನೂ ಅರ್ಧ ನಿಮಿಷವಿದೆ. ಐಗುಲ್ ಒಂದು ಮಾತೂ ಆಡಿಲ್ಲ" ಎಂದಳು. ಜೂಡಿತ್ ಮೇಡಂ ಗಡಿಯಾರ ನೋಡಿದರು, ಕನ್ನಡಕ ಸರಿಮಾಡಿ ಇನ್ನೊಮ್ಮೆ ನೋಡಿದರು, ಸುಮ್ಮನೆ ಕೈಚಾಚಿ ಐಗುಲ್ ಕಡೆ ತೋರಿಸಿದರು. ಐಗುಲ್ ಗಂಟಲು ಸರಿಮಾಡಿಕೊಂಡು, ಕಾಗದದ ತಟ್ಟೆ ತಂದರೆ ಈ ಜಗಳವೇ ಇರುವುದಿಲ್ಲ ಎಂದಳು. ಇಡೀ ಚರ್ಚೆಯಲ್ಲಿ ಬುದ್ಧಿಯ ಮಾತೆಂದರೆ ಅದೊಂದೇ ಎಂದು ನನ್ನ ಅಭಿಪ್ರಾಯ.

ಮಧ್ಯಾಹ್ನ ಅಂಕಪತ್ರ ಕೈಸೇರಿತು. ಪೃಥ್ವಿ ನಡುಗಿಸಿದ ಆ ಮಹಾನಿರಾಕರಣೆಗೆ ಸಿಕ್ಕಿದ್ದು ಸಾಸಿವೆಕಾಳಿನಷ್ಟು ಚೌಕದಲ್ಲಿ ಪೆನ್ಸಿಲಿನ ಒಂದು ಟಿಕ್. ಎರಡು ಸಲ ಇಲ್ಲವೆಂದಿದ್ದರೂ ಎರಡು ಟಿಕ್ ಕೊಡುವ ಪದ್ಧತಿಯಿಲ್ಲವಂತೆ. ಬೇಕಾಗಿದ್ದುದು ಅರವತ್ತು, ಬಂದದ್ದು ಅರವತ್ತು. ಕೊನೆಯ ಎರಡು ನಿಮಿಷ ನಾಚಿಕೆಯಿಂದ ಬಾಯಿಮುಚ್ಚಿ ಕೂತಿದ್ದಕ್ಕೆ ಚೆಲುವರಾಜುವಿಗೂ "ಅವಕಾಶ ಕೊಟ್ಟರು" ಎಂಬ ಟಿಕ್ ಬಿದ್ದಿತ್ತು.

"ಇಬ್ರೂ ಪಾಸಾದ್ವಿ, ಸರಿ ಕಣವ್ವ. ಆದ್ರೂ ಪಾತ್ರೆ ಇಸ್ಯ ಎಲ್ರ ಮುಂದೆ ಎತ್ಬಾರ್ದಿತ್ತು ನೀನು," ಎಂದ ಅವನು.

"ಎತ್ತಬೇಕಿತ್ತು," ಎಂದಳು ಅವಳು. ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಖುಷಿಯಾಯಿತು.

ಮೆಟ್ಟಿಲ ಮೇಲೆ ಕೂತು ಊರಿಗೆ ಫೋನ್ ಮಾಡಿದಳು. ರಾಣೇಬೆನ್ನೂರಿನಲ್ಲಿ ಸಂಜೆ ವ್ಯಾಪಾರದ ಗಲಾಟೆ. ಯಾರೋ ಮೆಣಸಿನಕಾಯಿ ಬೀಜ ಕೇಳುತ್ತಿದ್ದರು.

"ಅಪ್ಪಾ, ಪಾಸಾದೆ. ಡಿಗ್ರಿಗೆ ತಗೊಂಡ್ರು."

"ಭಾಳ ಚಲೋ ಆತವಾ. ಏನ್ ಕೇಳಿದ್ರು ಪರೀಕ್ಷೆದಾಗ?"

"ಕೇಳಲಿಲ್ಲ ಏನೂ. ಯಾರರ ತಪ್ಪು ಮಾತಾಡಿದ್ರ ‘ಇಲ್ಲ’ ಅನ್ಬೇಕಿತ್ತು. ಅಂದೆ."

ಶಿವಯೋಗೆಪ್ಪ ಗಿರಾಕಿಗೆ ತಡೆಯಲು ಹೇಳಿದ್ದು ಕೇಳಿಸಿತು.

"ಅಷ್ಟು ಹೇಳಾಕ ಒಂದ್ ವರ್ಷ ಬೇಕಾತೇನವಾ ನಿನಗ?"

"ಹೂಂ ಅಪ್ಪಾ," ಎಂದಳು ನೀಲಗಂಗೆ, "ಬೇಕಾತು."