ಮೂರು ಟ್ಯಾಬಿಗೂ ಒಬ್ಬರೇ ಪರಪ್ಪನವರು

ಸ್ವಉದ್ಯೋಗ ತರಬೇತಿಯ ಅರ್ಜಿಗಳನ್ನು ಬೇಸರವಿಲ್ಲದೆ ಸ್ವೀಕರಿಸುವ ಮಾನ್ಯ ವೆಬ್‌ಸೈಟಿನ ಸನ್ನಿಧಾನಕ್ಕೆ, ಇಂಡಿ ತಾಲ್ಲೂಕಿನ ಹೊರ್ತಿಯಲ್ಲಿ ಆನ್‌ಲೈನ್ ಸೆಂಟರ್ ನಡೆಸುವ ವೃಂದಾ ಮಾಡುವ ಅನಂತ ನಮಸ್ಕಾರಗಳು. ತಾವು ಸುತ್ತುತ್ತಾ ಸುತ್ತುತ್ತಾ ಕೊನೆಗಾದರೂ ತೆರೆದುಕೊಂಡು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ.

ಮಾನ್ಯರೇ, ನಮ್ಮ ಕಡೆ ಒಂದೇ ಟಂಟಂ ಆಟೊದಲ್ಲಿ ಬಂದವರು ಒಂದೇ ಟಂಟಂನಲ್ಲಿ ಮರಳಬೇಕು. ಒಬ್ಬರ ಅರ್ಜಿ ಮೊದಲು ಮುಗಿಸಿದರೆ ಉಳಿದವರು ಮುಖ ಊದಿಸಿಕೊಳ್ಳುತ್ತಾರೆ. ಹಾಗಾಗಿ ಮೂವರು ಬಂದರೆ ನಾನು ಮೂರು ಟ್ಯಾಬು ತೆರೆದು, ಮೊದಲು ಮೂವರ ಹೆಸರು, ಆಮೇಲೆ ಮೂವರ ಫೋಟೊ, ಕೊನೆಗೆ ಮೂವರ ತರಬೇತಿ ಎಂದು ಪಂಕ್ತಿಯಲ್ಲಿ ಬಡಿಸಿದ ಹಾಗೆ ತುಂಬುತ್ತೇನೆ. ಅರ್ಜಿಯ ಕೊನೆಯ ದಿನ ವೈರಿಂಗ್ ಕಲಿಯಲು ರಮಜಾನ, ಹೊಲಿಗೆಗೆ ಸಿದ್ದಲಿಂಗವ್ವ, ಹೈನುಗಾರಿಕೆಗೆ ಪರಪ್ಪನವರು ಬಂದಿದ್ದರು. ಟಂಟಂನವನು ಹಾರ್ನ್ ಬಾರಿಸುತ್ತಿದ್ದ. ಮತ್ತೊಮ್ಮೆ ನೋಡದೆ ಮೂರನ್ನೂ ಕಳಿಸಿಬಿಟ್ಟೆ, ಅದು ನನ್ನ ತಪ್ಪು.

ಪ್ರಿಂಟ್ ಬರುವಷ್ಟರಲ್ಲಿ ತಮ್ಮ ಗಡುವು ಮುಗಿದಿತ್ತು. ಮೂರೂ ಹಾಳೆಗಳಲ್ಲಿ ತರಬೇತಿ ಬೇರೆ ಬೇರೆ ಇದ್ದರೂ, ಹೆಸರು, ಫೋಟೊ ಎರಡರಲ್ಲೂ ಕೊನೆಯ ಟ್ಯಾಬಿನ ಪರಪ್ಪನವರೇ ಮೀಸೆ ತಿರುವಿಕೊಂಡು ಕೂತಿದ್ದರು. ಸಿದ್ದಲಿಂಗವ್ವ ತಮ್ಮ ಹಾಳೆ ನೋಡಿ, “ಅಕ್ಕಾರ, ನನಗ ಮೀಸಿ ಯಾವಾಗ ಬಂದಾವ್ರಿ?” ಎಂದು ನಕ್ಕರು. ಆದರೆ ರಮಜಾನನಿಗೆ ಮುಂದಿನ ವರ್ಷವಿದೆ; ಹೊಲಿಗೆಗೆ ವಯಸ್ಸಿನ ಮಿತಿ ನಲವತ್ತೈದು, ಸಿದ್ದಲಿಂಗವ್ವನಿಗೆ ಬರುವ ತಿಂಗಳು ನಲವತ್ತಾರು. ನನಗೆ ಆ ದಿನ ಊಟ ಸೇರಲಿಲ್ಲ.

ತಮ್ಮ ಸಮದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ! ಗಂಡು, ಹೆಣ್ಣು, ಜಾತಿ, ಧರ್ಮ ಯಾವುದನ್ನೂ ನೋಡದೆ ಎಲ್ಲರನ್ನೂ ಪರಪ್ಪನವರನ್ನಾಗಿ ಮಾಡಿದ ಮಹಾನುಭಾವರು ತಾವು. ಕಂಪ್ಯೂಟರ್ ರಿಪೇರಿಯ ಫಯಾಜ ಹೇಳುವ ಪ್ರಕಾರ, ಬ್ರೌಸರಿನಲ್ಲಿ ಮಾಹಿತಿ ಇಡಲು ಎಲ್ಲ ಟ್ಯಾಬುಗಳಿಗೂ ಸೇರಿದ ಒಂದು ಜಾಗವಿದೆ, ಅಲ್ಲಿ ಕೊನೆಗೆ ತುಂಬಿದ್ದೇ ಉಳಿಯುತ್ತದೆ; ಒಂದೊಂದು ಟ್ಯಾಬಿಗೂ ಅದರದೇ ಆದ ಬೇರೆ ಜಾಗವೂ ಇದೆಯಂತೆ. ಬೇರೆ ಜಾಗ ಪುಕ್ಕಟೆ ಸಿಗುವಾಗಲೂ ತಾವು ಎಲ್ಲರನ್ನೂ ಒಂದೇ ಗಂಟಿಗೆ ತುರುಕಿದ್ದೀರಿ.

ಈಗ ಪಟ್ಟಿ ಬಂದಿದೆ. ಹೈನುಗಾರಿಕೆ, ವೈರಿಂಗ್, ಮಹಿಳಾ ಹೊಲಿಗೆ ಮೂರಕ್ಕೂ ಪರಪ್ಪನವರೇ ಆಯ್ಕೆಯಾಗಿದ್ದಾರೆ. ಆದಕಾರಣ ತಾವು ದಯಮಾಡಿ ಪರಪ್ಪನವರನ್ನು ಮೂರು ಪಾಲು ಮಾಡಿಕೊಡಬೇಕು. ಅದಾಗದಿದ್ದರೆ ತಮ್ಮ ರಿಪೇರಿ ಮುಗಿಯುವವರೆಗೆ ಸಿದ್ದಲಿಂಗವ್ವನ ಹುಟ್ಟಿದ ದಿನವನ್ನು ಮುಂದೂಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮೂರೂ ಟ್ಯಾಬುಗಳಿಂದ ಪ್ರತ್ಯೇಕ ಪ್ರತ್ಯೇಕವಾಗಿ ತಮ್ಮ ವಿಶ್ವಾಸಿ,
ವೃಂದಾ

ತಾ.ಕ.: ತಮ್ಮ ಉತ್ತರಕ್ಕೆ ಕಾಯದೆ ಹೊಲಿಗೆ ತರಗತಿ ಶುರುವಾಗಿದೆ. ಹಾಜರಿ ಕೂಗಿದಾಗ ಪರಪ್ಪನವರು ಬಾಗಿಲಲ್ಲಿ ನಿಂತು “ಹಾಜರ್ರಿ” ಎಂದು ಹೇಳಿ ಎಮ್ಮೆಗಳ ಕಡೆ ಹೋಗುತ್ತಾರೆ. ಮಿಷನ್ ತುಳಿಯುವವರು ಸಿದ್ದಲಿಂಗವ್ವ. ಅವರು ಮೊದಲು ಹೊಲಿದ ಎಲೆಯಡಿಕೆ ಇಡುವ ಬಟ್ಟೆಯ ಚಂಚಿಯನ್ನು ಇದರೊಂದಿಗೆ ಕಳಿಸಿದ್ದೇನೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಬೇರೆ ಬೇರೆ ಅರೆಗಳಿವೆ. ಸಾವಕಾಶವಾಗಿ ಬಿಚ್ಚಿ ನೋಡಿ ಕಲಿಯಿರಿ. ಸರ್ಟಿಫಿಕೇಟನ್ನು ಮಾತ್ರ ಹೊಲಿದವರ ಹೆಸರಿಗೇ ಕೊಡಿ.