ಯುದ್ಧದ ವರ್ಷ ಎಸ್ಸೆಸ್ಸೆಲ್ಸಿ ಬರೆದವರು

ನಮ್ಮ ಬ್ಯಾಚಿನವರ ಹಣೆಬರಹವೇ ಹಾಗೆ. ಎಷ್ಟೇ ಗಂಭೀರವಾಗಿ ಶುರುಮಾಡಿದರೂ ನಗೆಪಾಟಲಿನಲ್ಲೇ ಮುಗಿಯುತ್ತದೆ. ಮೊನ್ನೆ ಶಿಕಾರಿಪುರದಲ್ಲಿ ಹಳೇ ಸಹಪಾಠಿಗಳು ಹದಿಮೂರು ಜನ ಸೇರಿದ್ದೆವು. ಎಲ್ಲರಿಗೂ ಎಪ್ಪತ್ತು ದಾಟಿದೆ. ತೀರಿಹೋದವರಿಗಾಗಿ ಒಂದು ನಿಮಿಷ ಮೌನ ಅಂತ ಎದ್ದು ನಿಂತರೆ, ಒಬ್ಬನ ಕಿವಿಯ ಮಷೀನು ಕುಂಯ್ ಅನ್ನತೊಡಗಿತು. ಅದು ಅವನೊಬ್ಬನಿಗೇ ಕೇಳಿಸಲಿಲ್ಲ. "ಯಾಕ್ರೀ, ಮೌನದಾಗೆ ನಗ್ತೀರಿ?" ಅಂತ ನಮ್ಮನ್ನೇ ಗದರಿದ. ಮೌನ ಅಲ್ಲಿಗೆ ಮುಗಿಯಿತು.

ಆಮೇಲೆ ಮಾತು ನಾವು ಎಸ್ಸೆಸ್ಸೆಲ್ಸಿ ಓದಿದ ವರ್ಷಕ್ಕೆ ಹೊರಳಿತು. ಅದು ಬಾಂಗ್ಲಾ ಯುದ್ಧದ ವರ್ಷ. ನಮ್ಮದು ಶಿಕಾರಿಪುರಕ್ಕೂ ಸೊರಬಕ್ಕೂ ನಡುವಿನ ಒಂದು ಹಳ್ಳಿಯ ಹೈಸ್ಕೂಲು. ಗಡಿ ಎಲ್ಲೋ, ನಾವೆಲ್ಲೋ. ಆದರೂ ಯುದ್ಧ ಗೆಲ್ಲಿಸುವ ಭಾರ ನಮ್ಮ ಮೇಲೇ ಇದೆ ಅನ್ನುವ ಹಾಗೆ ಓಡಾಡುತ್ತಿದ್ದೆವು.

೧. ಕಂದಕ

ಬಾಂಬು ಬಿದ್ದರೆ ಅಡಗಿಕೊಳ್ಳಲು ಕಂದಕ ಬೇಕು ಅಂತ ಡ್ರಿಲ್ ಮಾಸ್ತರು ಎಲ್ಲೋ ಓದಿಕೊಂಡು ಬಂದರು. ನಮ್ಮ ಹುಡುಗರೆಲ್ಲ ರೈತರ ಮಕ್ಕಳು. ಪಾಠ ಬಿಟ್ಟು ಗುದ್ದಲಿ ಹಿಡೀರಿ ಅಂದರೆ ಕೇಳಬೇಕೆ? ಎರಡೇ ದಿನದಲ್ಲಿ ವಾಲಿಬಾಲ್ ಅಂಕಣದ ಪಕ್ಕ ಎದೆಮಟ್ಟದ ಕಂದಕ ಸಿದ್ಧವಾಯಿತು. ಆದರೆ ಹುಡುಗರು ತಮ್ಮ ತಮ್ಮ ಮೈಯಳತೆಗೆ ತೋಡಿದ್ದರು. ಅಗಲ ಕಡಿಮೆ.

ಮೂರನೇ ದಿನ ಅಭ್ಯಾಸ. ಮಾಸ್ತರು ಸೀಟಿ ಊದಿದರು, ನಾವು ದಬದಬ ಇಳಿದೆವು. ಎಲ್ಲರಿಗಿಂತ ಕೊನೆಗೆ ಮಾಸ್ತರು ಹಾರಿದರು. ಹೊಟ್ಟೆಯವರೆಗೆ ಇಳಿದು ಅಲ್ಲೇ ನಿಂತರು. ಕೆಳಗೂ ಹೋಗಲಿಲ್ಲ, ಮೇಲೂ ಬರಲಿಲ್ಲ. ಪಕ್ಕದ ಗದ್ದೆಯಿಂದ ಎತ್ತಿನ ಹಗ್ಗ ತಂದು ಎಂಟು ಹುಡುಗರು ಎಳೆಯಬೇಕಾಯಿತು.

ಹೆಡ್ಮಾಸ್ತರು ಓಡಿ ಬಂದರು. "ಅಲ್ರೀ, ನಿಜವಾಗ್ಲೂ ವಿಮಾನ ಬಂದಿದ್ರೆ ಮಕ್ಕಳ ಗತಿ ಏನ್ರೀ?"

ಡ್ರಿಲ್ ಮಾಸ್ತರು ಮಣ್ಣು ಕೊಡವಿಕೊಳ್ಳುತ್ತ ಹೇಳಿದರು: "ಮಕ್ಕಳಿಗೆ ಏನೂ ಆಗ್ತಿರಲಿಲ್ಲ ಸಾರ್. ಮೇಲೆ ಮುಚ್ಚಳ ಇತ್ತಲ್ಲ."

೨. ಹದ್ದು

ವಿಮಾನ ಬರುವುದನ್ನು ನೋಡಿ ಹೇಳಲು ಶಾಲೆಯ ಮುಂದಿನ ಮಾವಿನ ಮರದ ಮೇಲೆ ಒಬ್ಬ ಹುಡುಗನನ್ನು ಕೂರಿಸಿದ್ದರು. ಬಳ್ಳಿಗಾವಿಯವನು, ಕಣ್ಣು ಬಲು ಚುರುಕು. ಒಂದು ದಿನ ಸೀಟಿ ಊದಿಯೇ ಬಿಟ್ಟ. ಇಡೀ ಶಾಲೆ ಕಂದಕಕ್ಕೆ ಇಳಿಯಿತು. ಅರ್ಧ ಗಂಟೆ ಕಾದರೂ ಏನೂ ಇಲ್ಲ. ಮೇಲೆ ಒಂದು ಹದ್ದು ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಮರುದಿನ ಮತ್ತೆ ಸೀಟಿ, ಮತ್ತೆ ಹದ್ದು. ಮೂರನೇ ದಿನವೂ ಅಷ್ಟೇ.

ಗಣಿತದ ಮಾಸ್ತರು ಅವನನ್ನು ಮರದಿಂದ ಇಳಿಸಿ ಕೇಳಿದರು, "ಹದ್ದು ಯಾವುದು, ವಿಮಾನ ಯಾವುದು, ಗೊತ್ತಾಗಲ್ವೇನೋ?"

"ಗೊತ್ತಾಗ್ತದೆ ಸಾರ್."

"ಮತ್ತೆ ಸೀಟಿ ಯಾಕೆ ಊದಿದೆ?"

"ಮೊದಲನೇ ದಿನ ತಪ್ಪಿ ಊದಿದೆ ಸಾರ್. ಅವತ್ತು ನಿಮ್ಮ ಪೀರಿಯಡ್ಡು ಹೋಯ್ತು. ಸಂಜೆ ಕ್ಲಾಸಿನೋರೆಲ್ಲ ಸೇರಿ ನಂಗೆ ಕಡ್ಲೆಮಿಠಾಯಿ ಕೊಡಿಸಿದ್ರು."

೩. ಅಜ್ಜಿಯ ಪ್ರಶ್ನೆ

ಊರಿಗೆಲ್ಲ ಇದ್ದದ್ದು ಒಂದೇ ರೇಡಿಯೋ, ಹೆಡ್ಮಾಸ್ತರದ್ದು. ಸಂಜೆ ವಾರ್ತೆ ಹೊತ್ತಿಗೆ ಅವರ ಜಗಲಿ ತುಂಬ ಜನ. ಒಂದು ದಿನ ಸೊರಬದ ಕಡೆಯಿಂದ ಬಂದಿದ್ದ ನಮ್ಮಜ್ಜಿಯೂ ಬಂದು ಕೂತಳು. ಬಾಂಗ್ಲಾದ ಸುದ್ದಿಯನ್ನೆಲ್ಲ ಕೇಳಿಸಿಕೊಂಡು, "ಅಲ್ಲೂ ಭತ್ತ ಬೆಳೀತಾರಾ ಮಾಸ್ತರೇ?" ಅಂದಳು.

"ಬೆಳೀತಾರಮ್ಮ, ಭತ್ತದ ಸೀಮೆನೇ ಅದು."

"ಮತ್ತೆ ಕೊಯ್ಲಿನ ಹೊತ್ತಲ್ಲಿ ಎಂಥದು ಯುದ್ಧ? ಕೊಯ್ಲು ಮುಗಿಸಿಕೊಂಡು ಮಾಡ್ಬಾರ್ದಾ? ಅಥವಾ ಮುಂದಿನ ವರ್ಷಕ್ಕೆ ಇಟ್ಕೊಳ್ಳಲಿ."

ಹೆಡ್ಮಾಸ್ತರು ನಕ್ಕು, "ನನ್ನ ಮಾತು ಅವರು ಎಲ್ಲಿ ಕೇಳ್ತಾರಮ್ಮ?" ಅಂದರು.

ಅಜ್ಜಿಗೆ ಸಿಟ್ಟೇ ಬಂತು. "ಯಾಕೆ ಕೇಳಲ್ಲ? ಅವರು ಹೇಳಿದ್ದನ್ನೆಲ್ಲ ನೀವು ದಿನಾ ಕೂತು ಕೇಳ್ತಿಲ್ವಾ?"

೪. ಟೋಪಿ

ಇದು ನನ್ನದೇ ಕಥೆ. ತರಗತಿಯಲ್ಲಿ ಹುಡುಗಿಯರು ನಾಲ್ಕೇ ಜನ. ಯುದ್ಧ ಶುರುವಾಗುವ ಮೊದಲೇ, ಗಡಿಗೆ ಹೊರಟ ಸೈನಿಕರಿಗೆ ಉಣ್ಣೆಯ ಟೋಪಿ ಹೆಣೆದು ಕಳಿಸೋಣ ಅಂತ ಹೊಲಿಗೆ ಟೀಚರು ಹೇಳಿದರು. ನಾನು ಅಲ್ಲಿಯವರೆಗೆ ಹೆಣಿಗೆ ಕಡ್ಡಿ ಮುಟ್ಟಿದವಳಲ್ಲ. ಹೆಣೆದೆ, ಬಿಚ್ಚಿದೆ, ಅತ್ತೆ, ಮತ್ತೆ ಹೆಣೆದೆ. ಹೆಸರು ಬರೆಯಬಾರದು ಅಂದಿದ್ದರು. ನಾನು ಕದ್ದು ಟೋಪಿಯ ಮಡಿಕೆಯಲ್ಲಿ ಒಂದು ಚೀಟಿ ಇಟ್ಟೆ. ನನ್ನ ಹೆಸರು, ಶಾಲೆಯ ವಿಳಾಸ, ಇಂಗ್ಲಿಷಿನಲ್ಲಿ ಒಂದೇ ಸಾಲು: ತಲುಪಿದರೆ ಬರೆಯಿರಿ.

ಪಾರ್ಸೆಲ್ಲು ಹೋಯಿತು, ಯುದ್ಧ ಶುರುವಾಯಿತು, ಮುಗಿಯಿತು. ಕಾಗದ ಬರಲಿಲ್ಲ. ರೇಡಿಯೋದಲ್ಲಿ ಇಷ್ಟು ಜನ ತೀರಿಕೊಂಡರು ಅಂದಾಗೆಲ್ಲ ನನಗೆ ನನ್ನ ಟೋಪಿ ಹಾಕಿಕೊಂಡ ತಲೆಯೊಂದು ಕಣ್ಣಿಗೆ ಕಟ್ಟುತ್ತಿತ್ತು. ಅನ್ನ ಸೇರುತ್ತಿರಲಿಲ್ಲ.

ಶಿವರಾತ್ರಿ ಹೊತ್ತಿಗೆ ಕಾಗದ ಬಂತು. ಹೆಡ್ಮಾಸ್ತರು ಅಪ್ಪನನ್ನೂ ಕರೆಸಿದರು. ನನ್ನನ್ನು ಮುಂದೆ ಕಾಲೇಜಿಗೆ ಕಳಿಸುವುದೋ ಬೇಡವೋ ಅಂತ ಅಪ್ಪ ತೂಗಿ ನೋಡುತ್ತಿದ್ದ ಕಾಲ ಅದು. ಗುರುತಿಲ್ಲದ ಗಂಡಸಿನಿಂದ ಮಗಳಿಗೆ ಕಾಗದ ಬಂತು ಅಂದರೆ ತಕ್ಕಡಿ ಯಾವ ಕಡೆ ವಾಲುತ್ತದೆ, ನೀವೇ ಹೇಳಿ.

ಸೈನ್ಯದ ಮುದ್ರೆ ನೋಡಿ ಹೆಡ್ಮಾಸ್ತರು ಕಾಗದವನ್ನು ಪ್ರಾರ್ಥನೆಯಲ್ಲೇ ಓದಲು ಹಿಂದಿ ಮಾಸ್ತರಿಗೆ ಕೊಟ್ಟರು. ಅವರು ಬಿಚ್ಚಿದರು. ಒಂದು ಗಳಿಗೆ ಮುಖ ಬಿಳಿಚಿತು. ಆಮೇಲೆ ಗಂಟಲು ಸರಿಮಾಡಿಕೊಂಡು, "ಪ್ರಿಯ ಸಹೋದರಿ, ನಿನ್ನ ಟೋಪಿಯು ನನ್ನ ಶಿರಕ್ಕೆ ಕಿರೀಟವಾಯಿತು. ನಿನ್ನಂಥವರು ಉನ್ನತ ವಿದ್ಯೆ ಪಡೆಯಬೇಕು..." ಅಂತ ಹತ್ತು ನಿಮಿಷ ಓದಿದರು. ಚಪ್ಪಾಳೆಯೋ ಚಪ್ಪಾಳೆ. ಅಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡರು.

ಕಾಗದ ವಾಪಸು ಕೊಡುವಾಗ ಹಿಂದಿ ಮಾಸ್ತರು ಪಿಸುಗುಟ್ಟಿದರು: "ಇದನ್ನ ಯಾರಿಗೂ ತೋರಿಸ್ಬೇಡಮ್ಮ. ಸೈನ್ಯದ ಗುಟ್ಟಿದೆ ಇದರಲ್ಲಿ."

ಬಿಚ್ಚಿ ನೋಡಿದೆ. ಹಿಂದಿ ಅಕ್ಷರಕ್ಕೆ ತಲೆಯ ಮೇಲೊಂದು ಗೆರೆ ಇರಬೇಕಲ್ಲ, ಒಂದಕ್ಕೂ ಇರಲಿಲ್ಲ. ಎಲ್ಲ ಗುಂಡುಗುಂಡಗೆ.

ಮುಂದಿನ ವಾರ ಅಪ್ಪನ ಜೊತೆ ಶಿಕಾರಿಪುರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಕೇರಳದವನೊಬ್ಬನ ಚಹಾದಂಗಡಿ. ಗೋಡೆಯ ಮಲಯಾಳಂ ಕ್ಯಾಲೆಂಡರು ನೋಡಿದೆ. ಅದೇ ಗುಂಡು ಅಕ್ಷರ! ತಡೆಯಲಾಗದೆ ಕಾಗದ ತೆಗೆದುಕೊಟ್ಟೆ. ಅವನು ಕೈಯೊರೆಸಿಕೊಂಡು, ಕನ್ನಡ ಮಾಡಿ ಜೋರಾಗಿ ಓದತೊಡಗಿದ:

"ತಂಗೀ, ಯುದ್ಧ ಮುಗೀತು, ನಾನು ಕ್ಷೇಮ. ನೀನು ಕಳಿಸಿದ್ದು ತಲುಪಿತು. ಟೋಪಿ ಅಂತ ತಲೆಗೆ ಹಾಕಿ ನೋಡಿದೆ, ಆಗಲಿಲ್ಲ. ಗೆಳೆಯರೆಲ್ಲ ಹಾಕಿ ನೋಡಿದರು, ಯಾರಿಗೂ ಆಗಲಿಲ್ಲ. ನೀರಿನ ಬಾಟಲಿಗೆ ಹಾಕಿದೆ, ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಆ ಚಳಿಯಲ್ಲಿ ಇಡೀ ತುಕಡಿಯಲ್ಲಿ ಬೆಚ್ಚಗಿನ ನೀರು ಕುಡಿದವನು ನಾನೊಬ್ಬನೇ. ದೇವರು ಒಳ್ಳೇದು ಮಾಡಲಿ. ಕೈಗವಸು ಹೆಣೆಯುವ ಯೋಚನೆ ಇದ್ದರೆ ದಯವಿಟ್ಟು ಬೇಡ."

ಆಸಾಮಿ ಬದುಕಿದ್ದಾನೆ! ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅಂಗಡಿಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ಮಾತ್ರ ನಗಲಿಲ್ಲ. ಚಹಾ ಮುಗಿಸಿದರು, ಎದ್ದು ಬಸ್ಸಿನ ಕಡೆ ನಡೆದರು. ಕಿರೀಟ ಹೋಗಿ ಬಾಟಲಿ ಆಯಿತು, ನನ್ನ ಓದೂ ಮುಗಿಯಿತು ಅಂದುಕೊಂಡೆ.

ಸೀಟಿನಲ್ಲಿ ಕೂತ ಮೇಲೆ ಅಪ್ಪ ನಿಟ್ಟುಸಿರು ಬಿಟ್ಟು ಹೇಳಿದರು: "ನೀ ಹೆಣೆದಿದ್ದು ದಿಲ್ಲಿ ಆಚೆಗೂ ಹೆಸರಾತು ಬಿಡವಾ. ಇನ್ನ ನಿನ್ನ ಯಾರು ಮದುವಿ ಆಗ್ತಾರ? ಸುಮ್ನ ಕಾಲೇಜಿಗೆ ಸೇರು."