ನರಕ್ಕೆ ಸುತ್ತಿದ ರುಮಾಲು

ನನ್ನ ವಾರ್ಡಿನಲ್ಲಿ ಯಾರೂ ಗಟ್ಟಿಯಾಗಿ ನಗಕೂಡದೆಂಬುದು ನಿಯಮ. ಆದರೆ ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲಿಗೆ ವರ್ಗವಾದರೂ ನಗು ನನಗಿಂತ ಮೊದಲೇ ಹೋಗಿ ಚಾರ್ಜು ತೆಗೆದುಕೊಂಡಿರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಕಡೂರಿನ ಆಸ್ಪತ್ರೆಯಲ್ಲಿ ದಾದಿಯರ ಮೇಲ್ವಿಚಾರಣೆಯ ಮೇಟ್ರನ್ ಆಗಿದ್ದಾಗ ನಡೆದದ್ದಿದು.

೧. ಕಾವಲು ನಾಯಿ

ಯಗಟಿ ಕಡೆಯ ಒಬ್ಬ ಕುರಿಗಾಹಿ ಯುವಕ. ಜ್ವರ ಬಂದು ಹೋದ ಮೇಲೆ ಎರಡು ಕಾಲೂ ಸ್ವಾಧೀನ ತಪ್ಪಿ ಬಿದ್ದುಹೋಗಿದ್ದವು. ದೊಡ್ಡಾಸ್ಪತ್ರೆಯಲ್ಲಿ ಜೀವದ ಅಪಾಯ ಕಳೆದು, ಉಳಿದ ಆರೈಕೆಗೆ ನಮ್ಮಲ್ಲಿಗೆ ಬಂದಿದ್ದ. ಅವನಪ್ಪನದು ಒಂದೇ ಪ್ರಶ್ನೆ: "ನನ್ ಮಗ ಮತ್ತೆ ಕುರಿ ಹಿಂದೆ ನಡೀತಾನಾ ಅಮ್ಮಾರೆ?"

ವಿವರಿಸಿದೆ: "ನರದ ಸುತ್ತ ಮಯಲಿನ್ ಎಂಬ ಹೊದಿಕೆ ಇರುತ್ತದೆ. ನಿಮ್ಮ ತಲೆಗೆ ರುಮಾಲು ಸುತ್ತಿದಂತೆ, ಜೀವಕೋಶಗಳು ಅದನ್ನು ಸುತ್ತಿ ಸುತ್ತಿ ಕಟ್ಟುತ್ತವೆ. ಅದಿದ್ದರೇನೇ ಮೆದುಳಿನ ಅಪ್ಪಣೆ ಕಾಲಿಗೆ ಬೇಗ ತಲುಪುವುದು. ರೋಗದ ಮೇಲೆ ಬೀಳಬೇಕಾದ ರಕ್ತದ ಕಾವಲುಗಾರರೇ ತಪ್ಪಿ ಆ ರುಮಾಲನ್ನು ಬಿಚ್ಚಿಹಾಕಿದ್ದಾರೆ."

"ಕುರಿ ಕಾಯೋ ನಾಯೀನೇ ಕುರಿ ತಿಂದಂಗಾಯ್ತು ಬಿಡಿ. ಮತ್ತೆ ಸುತ್ತೋರ್ಯಾರು?"

"ಅದೇ ಜೀವಕೋಶಗಳು. ನಿಧಾನವಾಗಿ."

"ಬೇಗ ಸುತ್ತಾಕೆ ಹೇಳಿ ಅಮ್ಮಾರೆ."

"ಅವು ಯಾರ ಮಾತೂ ಕೇಳುವುದಿಲ್ಲ."

ಮುದುಕ ಕಣ್ಣರಳಿಸಿದ. "ನಿಮ್ ಮಾತೂನಾ?"

೨. ಸುತ್ತಿಗೆ

ಡಾಕ್ಟರು ದಿನವೂ ಪುಟ್ಟ ರಬ್ಬರ್ ಸುತ್ತಿಗೆಯಿಂದ ಆ ಯುವಕನ ಮೊಣಕಾಲ ಕೆಳಗೆ ತಟ್ಟಿ ನೋಡುತ್ತಿದ್ದರು. ನರ ಸರಿಯಿದ್ದರೆ ಕಾಲು ತಾನಾಗಿ ಚಿಮ್ಮಬೇಕು. ಇವನದು ಮರದ ದಿಮ್ಮಿಯಂತೆ ಬಿದ್ದಿತ್ತು. ವಾರಗಳು ಕಳೆದವು. ಒಂದು ಬೆಳಿಗ್ಗೆ ಅಪ್ಪ ಬಾಗಿಲ ಹಿಂದಿನಿಂದ ತನ್ನ ಆಳೆತ್ತರದ ದೊಣ್ಣೆ ತಂದು, ಬಹಳ ವಿನಯದಿಂದ ಡಾಕ್ಟರ ಕೈಗೆ ನೀಡಿದ: "ಸ್ವಾಮಿ, ಅದು ಸಣ್ಣದಾಯ್ತೇನೋ. ಇದ್ರಲ್ಲಿ ನೋಡಿ."

೩. ಶೀಟಿನ ಮೂಲೆ

ರೋಗಿಗೆ ಹೊದಿಸಿದ ಶೀಟಿನ ಮೂಲೆಗಳನ್ನು ಲಕೋಟೆಯಂತೆ ಮಡಚಿ ಹಾಸಿಗೆಯಡಿ ಸಿಕ್ಕಿಸಿರಬೇಕು. ಕಾನ್ವೆಂಟಿನಲ್ಲಿ ಕಲಿತ ಶಿಸ್ತು, ಯಾರಿಗಾಗಿಯೂ ಸಡಿಲಿಸಿದವಳಲ್ಲ. ಅಂಥದ್ದರಲ್ಲಿ ಈಚೆಗೆ ಇವನ ಶೀಟಿನ ಮೂಲೆ ದಿನಾ ಬೆಳಿಗ್ಗೆ ಕಿತ್ತುಬಂದಿರುತ್ತಿತ್ತು.

ಆಯಾಳನ್ನು ಗದರಿಸಿದೆ. "ನನ್ನಾಣೆಗೂ ಬಿಗಿಯಾಗೇ ಸಿಕ್ಸಿದ್ದೆ ಮೇಡಂ," ಎಂದಳು.

ಹೇಗೆ ಸಿಕ್ಕಿಸಬೇಕೆಂದು ತೋರಿಸಲು ನಾನೇ ಬಗ್ಗಿ ಮೂಲೆಯನ್ನು ಎಳೆದೆ. ಶೀಟಿನೊಳಗಿಂದ ಏನೋ ಚಿಮ್ಮಿತು. ಗಂಜಿ ಹಾಕಿ ಇಸ್ತ್ರಿ ಮಾಡಿದ ನನ್ನ ಟೋಪಿ ನೆಲಕ್ಕೆ ಬಿತ್ತು.



"ಲೇ, ಅಮ್ಮಾರಿಗೇ ಒದ್ದೇನ್ಲಾ!" ಅಪ್ಪ ಕೂಗಿದ.

ಮಗ ಕೈಮುಗಿದ. "ತಪ್ಪಾಯ್ತು ಅಮ್ಮಾರೆ. ಮೂರ್ನಾಲ್ಕು ದಿನದಿಂದ ಕಾಲು ಆಡ್ತೈತೆ. ಶೀಟು ಕೆಟ್ರೆ ಬೈತೀರಂತ ಹೇಳ್ಲಿಲ್ಲ."

ನಾನು ಟೋಪಿ ಎತ್ತಿಕೊಳ್ಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ವಾರ್ಡಿಗೆಲ್ಲ ಕೇಳುವಂತೆ ಅಪ್ಪಣೆ ಕೊಟ್ಟೆ:

"ಇನ್ನೊಂದು ಸಲ ಒದಿ!"

ಒದ್ದ. ಇನ್ನೊಂದು ಕಾಲಿನಲ್ಲಿ.